ಮೊಳಕೈಯ ಓರೆ

ಸಂಜೆ ಹೊತ್ತು ಜಗಲಿಯಲ್ಲಿ ಕೂತು ಹೂ ಕಟ್ಟುವುದು ನಮ್ಮಮ್ಮನ ಹಳೆಯ ರೂಢಿ. ಬಾಳೆನಾರು ನೆನೆಹಾಕಿಟ್ಟುಕೊಂಡು, ಮೊಗ್ಗು ಬಿರಿಯುವ ಮೊದಲೇ ಕಟ್ಟಿ ಮುಗಿಸುತ್ತಾಳೆ. ಆಮೇಲೆ ಮಾಲೆಯ ತುದಿಯನ್ನು ಮೊಳಕೈಯ ಮೊನೆಗೆ ಒತ್ತಿ ಹಿಡಿದು, ನಡುಬೆರಳ ತುದಿಯವರೆಗೆ ಎಳೆದು, ‘ಒಂದು’ ಅನ್ನುತ್ತಾಳೆ. ಪಕ್ಕದಲ್ಲಿ ಕೂತ ನನ್ನ ತಂಗಿಯ ಮಗಳು ಅದೇ ಮಾಲೆಯನ್ನು ತನ್ನ ಕೈಯಲ್ಲಿ ಅಳೆಯುತ್ತಾಳೆ. ಅಜ್ಜಿಯ ಎರಡು ಮೊಳ ಇವಳಿಗೆ ಮೂರು ಮೊಳ. ತನ್ನ ಕೈಗೆ ಬಂದರೆ ಹೂವು ಹೆಚ್ಚಾಗುತ್ತದೆ ಎಂಬ ಖುಷಿ ಅವಳಿಗೆ.

ಎರಡು ವರ್ಷದ ಹಿಂದಿನ ಮಾತು. ಅವಳಿಗಾಗ ಏಳು ತುಂಬಿತ್ತು. ಬಲಗೈಯಲ್ಲಿ ಅಳೆದಳು, ಎಡಗೈಯಲ್ಲಿ ಅಳೆದಳು. ಮಾಲೆ ಕೆಳಗಿಟ್ಟು ಎರಡೂ ಕೈ ಮುಂದಕ್ಕೆ ಚಾಚಿ, ಅಂಗೈ ಮೇಲೆ ಮಾಡಿ, ಸುಮ್ಮನೆ ನೋಡುತ್ತ ಕೂತಳು.

‘ದೊಡ್ಡಮ್ಮ, ಈ ಕೈ ಯಾಕೆ ಒಳಗಡೆಗೆ ಹೋಗುತ್ತೆ?’

ಬಲಗೈ ಮೊಳಕೈಯಿಂದಾಚೆಗೆ ತುಸು ಹೊರಕ್ಕೆ ತೆರೆದುಕೊಂಡಿತ್ತು. ಎಡಗೈ ಅದೇ ಜಾಗದಿಂದ ಮೈಯ ಕಡೆಗೆ ತಿರುಗಿತ್ತು. ಮಡಿಸಿದರೆ ಎರಡಕ್ಕೂ ವ್ಯತ್ಯಾಸವೇ ಕಾಣುತ್ತಿರಲಿಲ್ಲ. ನೇರ ಚಾಚಿದಾಗ ಮಾತ್ರ ಸೊಟ್ಟ ಕಾಣುತ್ತಿತ್ತು. ಶಾಲೆಯ ಡ್ರಿಲ್ಲಿನಲ್ಲಿ ಕೈ ಅಗಲಿಸಿ ನಿಲ್ಲಬೇಕಾದಾಗ ಅವಳು ಎಡಗೈಯನ್ನು ಸ್ವಲ್ಪ ಮಡಿಸಿಯೇ ಇಟ್ಟುಕೊಳ್ಳುತ್ತಿದ್ದಳಂತೆ. ಇದು ನಮಗೆ ಗೊತ್ತಾದದ್ದು ಆ ಸಂಜೆಯ ನಂತರ. ಯಾರೂ ಗಮನಿಸದಿರಲೆಂದು ಅಷ್ಟು ಚಿಕ್ಕ ಮಗು ಒಂದು ಉಪಾಯ ಹುಡುಕಿಕೊಂಡಿತ್ತು.

ಐದು ವರ್ಷದವಳಿದ್ದಾಗ ಹಿತ್ತಲಿನ ಸೀಬೆ ಮರದಿಂದ ಬಿದ್ದಿದ್ದಳು. ಬೀಳುವಾಗ ಎಲ್ಲ ಮಕ್ಕಳೂ ಮಾಡುವುದನ್ನೇ ಮಾಡಿದಳು, ಅಂಗೈ ಊರಿದಳು. ಮೊಳಕೈ ಕ್ಷಣದಲ್ಲಿ ಬಾತುಕೊಂಡಿತು. ಆ ದಿನ ಅವಳನ್ನು ಎತ್ತಿಕೊಂಡು ಪಕ್ಕದೂರಿನ ಮೂಳೆ ಕಟ್ಟುವವರ ಬಳಿಗೆ ಹೋದವಳು ನಾನೇ. ಅವರ ತಂದೆ ನಮ್ಮ ತಾತನ ಕಾಲು ಕಟ್ಟಿದ್ದರು. ಆ ನಂಬಿಕೆ ನನ್ನನ್ನು ಅಲ್ಲಿಗೆ ಕರೆದೊಯ್ದಿತು. ಸೊಪ್ಪಿನ ರಸ, ಕೋಳಿಮೊಟ್ಟೆಯ ಬಿಳಿ, ಬಿದಿರ ದಬ್ಬೆ, ಬಟ್ಟೆಯ ಕಟ್ಟು. ಒಂದು ತಿಂಗಳಿಗೆ ಕಟ್ಟು ಬಿಚ್ಚಿದರು. ಮೂಳೆ ಕೂಡಿತ್ತು. ಕೆಲವೇ ವಾರಗಳಲ್ಲಿ ಕೈ ಮಡಿಸಿದಳು, ಚಾಚಿದಳು, ಮತ್ತೆ ಅದೇ ಮರ ಹತ್ತಿದಳು. ಮನೆಯವರೆಲ್ಲ ದೇವರಿಗೆ ಕೈಮುಗಿದೆವು. ಮೂಳೆ ಕೂಡಿದ್ದು ಓರೆಯಾಗಿ ಎಂಬುದು ನಮ್ಮ ಕಣ್ಣಿಗೆ ಬೀಳಲು ತಿಂಗಳುಗಳೇ ಹಿಡಿದವು. ಬಿದ್ದಮೇಲೆ ಅದನ್ನು ಬಾಯಿಬಿಟ್ಟು ಹೇಳಲು ಇನ್ನಷ್ಟು ತಿಂಗಳು.

ಕಟ್ಟಿದವರನ್ನು ದೂರಲು ನನಗೆ ಮನಸ್ಸಿಲ್ಲ. ಆಸ್ಪತ್ರೆಯಲ್ಲಿ ಪಿಓಪಿ ಹಾಕಿಸಿಕೊಂಡ ಕೈಗಳೂ ಹೀಗಾಗುವುದುಂಟು. ಊತ ಇಳಿದಾಗ ಕಟ್ಟು ಸಡಿಲವಾಗುತ್ತದೆ, ಒಳಗೆ ಮೂಳೆಯ ತುಂಡು ಮೆಲ್ಲಗೆ ವಾಲುತ್ತದೆ, ಹೊರಗಿನವರಿಗೆ ತಿಳಿಯುವುದಿಲ್ಲ. ಇದಕ್ಕಾಗಿಯೇ ಈಗ ಇಂಥ ಮುರಿತದಲ್ಲಿ ಮೂಳೆ ಜಾಗದಿಂದ ಸರಿದಿದ್ದರೆ ಮಗುವಿಗೆ ಅರಿವಳಿಕೆ ಕೊಟ್ಟು, ಮೂಳೆಯನ್ನು ಜಾಗಕ್ಕೆ ಕೂರಿಸಿ, ಎಕ್ಸರೇ ಪರದೆಯಲ್ಲಿ ನೋಡುತ್ತ, ಚರ್ಮದ ಮೇಲಿನಿಂದಲೇ ಎರಡು ಮೂರು ಸಣ್ಣ ತಂತಿ ಚುಚ್ಚಿ ನಿಲ್ಲಿಸುತ್ತಾರೆ. ಮೂರು ನಾಲ್ಕು ವಾರಕ್ಕೆ ತಂತಿ ಹೊರಗೆ. ಅವತ್ತು ನನಗೆ ಇದು ಗೊತ್ತಿರಲಿಲ್ಲ.

ಇದಕ್ಕಿಂತ ದೊಡ್ಡ ಅಪಾಯದ ಅರಿವೂ ಇರಲಿಲ್ಲ. ಮೊಳಕೈಯ ಮುಂಭಾಗದಲ್ಲಿ, ಮುರಿಯುವ ಜಾಗಕ್ಕೆ ಒತ್ತಿಕೊಂಡಂತೆ, ಕೈಗೆ ರಕ್ತ ಒಯ್ಯುವ ದೊಡ್ಡ ಧಮನಿ ಇದೆ, ಜೊತೆಗೆ ನರ ಇದೆ. ಕಟ್ಟು ಬಿಗಿಯಾಗಿ, ಊತ ಹೆಚ್ಚಾಗಿ ರಕ್ತ ಸಾಗದೆ ಹೋದರೆ ಕೆಲವೇ ಗಂಟೆಗಳಲ್ಲಿ ಮುಂಗೈಯ ಸ್ನಾಯುಗಳು ಸಾಯುತ್ತವೆ. ಬೆರಳುಗಳು ಪಂಜದಂತೆ ಮುದುಡಿ ಹಾಗೇ ಉಳಿಯುತ್ತವೆ. ಜರ್ಮನಿಯ ರಿಚರ್ಡ್ ಫಾನ್ ಫೋಲ್ಕ್‌ಮನ್ 1881ರಲ್ಲಿ ಇದನ್ನು ವಿವರಿಸಿ ಬರೆದರು, ಅವರ ಹೆಸರಿನಿಂದಲೇ ಇಂದಿಗೂ ಕರೆಯುತ್ತಾರೆ. ಕಟ್ಟು ಹಾಕಿದ ಮಗು ನೋವೆಂದು ಒಂದೇ ಸಮನೆ ಅತ್ತರೆ, ಮುದುಡಿದ ಬೆರಳನ್ನು ಮೆಲ್ಲಗೆ ಬಿಡಿಸಿದಾಗ ಚೀರಿದರೆ, ಬೆರಳು ತಣ್ಣಗಾದರೆ, ಬೆಳಗಾಗಲಿ ಎಂದು ಕಾಯಬಾರದು. ಅವಳು ಆ ಮೊದಲ ರಾತ್ರಿ ಅತ್ತಿದ್ದಳು. ಅತ್ತು ನಿದ್ದೆ ಹೋಗಿದ್ದಳು. ನಮ್ಮ ಪಾಲಿಗೆ ಬಂದದ್ದು ಬರೀ ಓರೆ ಕೈ. ಅದು ನನಗೆ ಅರ್ಥವಾದ ದಿನ ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ ಎಷ್ಟೋ ಹೊತ್ತು ಏಳಲಾಗದೆ ಕೂತಿದ್ದೆ.

ಅವಳನ್ನು ಕರೆದುಕೊಂಡು ಹೋದಾಗ ಮೂಳೆ ಡಾಕ್ಟರು ಮೊದಲು ಮಾಡಿದ್ದು ಒಂದು ವಿಚಿತ್ರ ಕೆಲಸ. ಸೊಟ್ಟ ಕೈ ಬಿಟ್ಟು ಸರಿಯಿದ್ದ ಕೈಯನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ನನಗೂ ತಂಗಿಗೂ ಎದ್ದು ನಿಂತು, ತೋಳು ಇಳಿಬಿಟ್ಟು, ಅಂಗೈ ಮುಂದೆ ಮಾಡಲು ಹೇಳಿದರು. ಓದುವವರೂ ಒಮ್ಮೆ ಮಾಡಿ ನೋಡಬಹುದು. ನೇರ ಎಂದುಕೊಂಡ ಕೈ ನೇರವಾಗಿಲ್ಲ. ಮೊಳಕೈಯ ಬಳಿ ಅದು ಸೊಂಟದಿಂದ ಆಚೆಗೆ ಓರೆಯಾಗಿ ಹೊರಡುತ್ತದೆ. ಸಾಮಾನ್ಯವಾಗಿ 5ರಿಂದ 15 ಡಿಗ್ರಿಯಷ್ಟು, ಹೆಂಗಸರಲ್ಲಿ ಒಂದಿಷ್ಟು ಹೆಚ್ಚು. ವೈದ್ಯರು ಇದನ್ನು ಕ್ಯಾರಿಯಿಂಗ್ ಆಂಗಲ್ ಅನ್ನುತ್ತಾರೆ, ಹೊರುವ ಕೋನ. ತುಂಬಿದ ಬಕೆಟ್ಟು ಹಿಡಿದು ನಡೆದಾಗ ಅದು ತೊಡೆಗೆ ತಗಲದೆ ತೂಗುವುದು ಈ ಓರೆಯಿಂದ ಎಂಬ ತಿಳಿವಳಿಕೆ ಆ ಹೆಸರಿನ ಹಿಂದಿದೆ. ಕೈ ಮಡಿಸಿದಂತೆ ಓರೆ ಕರಗಿ, ಮುಂಗೈ ತೋಳಿನ ಮೇಲೆ ಬಂದು ಕೂರುತ್ತದೆ, ಅಂಗೈ ಬಾಯಿಯ ಹತ್ತಿರಕ್ಕೆ ಬರುತ್ತದೆ. ನೀರು ತರುವಾಗ ಒಂದು ಓರೆ, ತುತ್ತು ಎತ್ತುವಾಗ ಓರೆಯೇ ಇಲ್ಲ. ನಲವತ್ತೈದು ವರ್ಷ ಈ ಕೈಗಳಲ್ಲಿ ನೀರು ಸೇದಿದ್ದೇನೆ, ರೊಟ್ಟಿ ತಟ್ಟಿದ್ದೇನೆ, ಮಕ್ಕಳನ್ನೆತ್ತಿದ್ದೇನೆ. ಅವು ಓರೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಚೀಟಿಯಲ್ಲಿ ಡಾಕ್ಟರು ಬರೆದ ಹೆಸರು ಕ್ಯೂಬಿಟಸ್ ವೇರಸ್. ಮೊಳಕೈ ಒಳವಾಲಿದೆ ಎಂದಷ್ಟೇ ಅರ್ಥ. ಬಂದೂಕಿನ ಹಿಡಿಯ ಆಕಾರಕ್ಕೆ ಹೋಲಿಸಿ ಇಟ್ಟ ಇನ್ನೊಂದು ಹೆಸರೂ ಇದೆ, ಮಗುವಿನ ಕೈಗೆ ಅದು ನನಗೆ ಹಿಡಿಸಲಿಲ್ಲ. ಆದರೆ ಮೊದಲಿನ ಹೆಸರನ್ನು ಹುಡುಕಿ ಹೋದಾಗ ಒಂದು ಸಂತೋಷ ಕಾದಿತ್ತು. ಲ್ಯಾಟಿನ್ನಿನಲ್ಲಿ ಆ ಪದ ಮೊಳಕೈಗೂ ಸಲ್ಲುತ್ತದೆ, ಮೊಳಕೈಯಿಂದ ಬೆರಳ ತುದಿಯವರೆಗಿನ ಅಳತೆಗೂ ಸಲ್ಲುತ್ತದೆ. ನಮ್ಮ ಮೊಳದ ಹಾಗೆಯೇ. ಒಬ್ಬರನ್ನೊಬ್ಬರು ಕಾಣದ ಜನ, ಎಲ್ಲೋ ಒಬ್ಬ ಬಟ್ಟೆ ಅಳೆಯುತ್ತ, ಇನ್ನೆಲ್ಲೋ ಒಬ್ಬಳು ಹೂ ಅಳೆಯುತ್ತ, ತಮ್ಮ ಮೈಯ ಅದೇ ಮೂಲೆಯನ್ನು ಮುಟ್ಟಿ ಅದೇ ತೀರ್ಮಾನಕ್ಕೆ ಬಂದಿದ್ದಾರೆ.

ಯಾಕೆ ಇಲ್ಲೇ ಮುರಿಯುತ್ತದೆ ಎಂದು ಕೇಳಿದೆ. ಡಾಕ್ಟರು ಡ್ರಾಯರಿನಿಂದ ತೋಳಿನ ಮೂಳೆಯ ಮಾದರಿ ತೆಗೆದು ಕಿಟಕಿಗೆ ಹಿಡಿದರು. ಮೇಲೆ ಗುಂಡಗೆ ಗಟ್ಟಿಯಾಗಿರುವ ಮೂಳೆ ಮೊಳಕೈಯ ಬಳಿ ಬಂದು ಚಪ್ಪಟೆಯಾಗುತ್ತದೆ. ಅಲ್ಲಿ ಹಿಂದೊಂದು ಗುಳಿ, ಮುಂದೊಂದು ಗುಳಿ. ಕೈ ಪೂರ್ತಿ ಚಾಚಿದಾಗ ಮುಂಗೈ ಮೂಳೆಯ ಕೊಕ್ಕೆ ಹಿಂದಿನ ಗುಳಿಯಲ್ಲಿ ಕೂರುತ್ತದೆ, ಪೂರ್ತಿ ಮಡಿಸಿದಾಗ ಮುಂದಿನ ಗುಳಿಗೆ ಇನ್ನೊಂದು ಮೊನೆ ಬರುತ್ತದೆ. ಎರಡೂ ಗುಳಿಗಳ ನಡುವೆ ಉಳಿಯುವುದು ಹಪ್ಪಳದಷ್ಟು ತೆಳುವಾದ ಗೋಡೆ. ಕೆಲವರಲ್ಲಿ ಅಲ್ಲೊಂದು ತೂತೇ ಇರುತ್ತದೆ, ಬೆಳಕು ಹಾಯುತ್ತದೆ. ನಾವು ಕೈಯನ್ನು ಅಷ್ಟು ದೂರ ಚಾಚಿ ಇಷ್ಟು ಹತ್ತಿರ ಮಡಿಸಬಲ್ಲೆವು ಎಂದರೆ ಮೂಳೆ ತನ್ನ ಗಟ್ಟಿತನವನ್ನು ಅಲ್ಲಿ ಬಿಟ್ಟುಕೊಟ್ಟಿದೆ ಎಂದರ್ಥ. ಐದರಿಂದ ಏಳು ವರ್ಷದೊಳಗಿನ ಮಕ್ಕಳಲ್ಲಿ ಕೀಲುಗಳು ಸಡಿಲ, ಮೊಳಕೈ ನೇರಕ್ಕಿಂತ ತುಸು ಹಿಂದಕ್ಕೂ ಬಾಗುತ್ತದೆ. ಅಂಗೈ ಊರಿ ಬಿದ್ದಾಗ ಆ ಕೊಕ್ಕೆ ಸನ್ನೆಗೋಲಿನಂತೆ ಹಿಂದಿನಿಂದ ಮೀಟುತ್ತದೆ. ತೆಳು ಗೋಡೆ ತಡೆಯುವುದಿಲ್ಲ. ಮಕ್ಕಳ ಮೊಳಕೈ ಮುರಿತಗಳಲ್ಲಿ ಅತಿ ಹೆಚ್ಚು ಕಾಣುವುದು ಇದೇ.

ಆ ದಿನ ಕಂಡದ್ದರಲ್ಲಿ ನನ್ನನ್ನು ಇಂದಿಗೂ ಬಿಡದಿರುವುದು ಅವಳ ಎಕ್ಸರೇ. ಪೆಟ್ಟಿಗೆಯ ಬೆಳಕಿಗೆ ಸಿಕ್ಕಿಸಿದಾಗ ತೋಳಿನ ಮೂಳೆಗೂ ಮುಂಗೈ ಮೂಳೆಗಳಿಗೂ ನಡುವೆ ಕಪ್ಪು ಜಾಗ, ಆ ಕಪ್ಪಿನಲ್ಲಿ ತೇಲುವ ಬಿಳಿಯ ಬೊಟ್ಟುಗಳು. ಮೂಳೆ ಚೂರಾಗಿದೆ ಎಂದು ಎದೆ ಧಸಕ್ಕೆಂದಿತು. ಚೂರಲ್ಲವಂತೆ. ಚಿಕ್ಕ ಮಕ್ಕಳ ಕೀಲು ಬಹುಪಾಲು ಮೃದ್ವಸ್ಥಿ, ಅದು ಎಕ್ಸರೇಗೆ ಕಾಣುವುದಿಲ್ಲ. ಆ ಮೃದ್ವಸ್ಥಿಯ ಒಳಗೆ ಮೂಳೆ ಹುಟ್ಟುವ ಆರು ತಾಣಗಳಿವೆ. ಮೊದಲನೆಯದು ಸುಮಾರು ಒಂದು ವರ್ಷಕ್ಕೆ, ಮೊಳಕೈಯ ಹೊರಮಗ್ಗುಲಲ್ಲಿ ಸಾಸಿವೆಯಷ್ಟು ಕಾಣಿಸಿಕೊಳ್ಳುತ್ತದೆ. ಎರಡನೆಯದು ಮೂರಕ್ಕೆ, ಮೂರನೆಯದು ಐದಕ್ಕೆ, ಆಮೇಲೆ ಏಳು, ಒಂಬತ್ತು, ಹನ್ನೊಂದು. ಹುಡುಗಿಯರಲ್ಲಿ ತುಸು ಮುಂಚೆ, ಹುಡುಗರಲ್ಲಿ ತುಸು ತಡ, ಆದರೆ ಸರದಿ ಸಾಮಾನ್ಯವಾಗಿ ತಪ್ಪುವುದಿಲ್ಲ. ಮಗುವಿನ ಮೊಳಕೈಯ ಚಿತ್ರ ನೋಡಿ ಅದರ ವಯಸ್ಸು ಹೇಳಬಹುದು. ಏಳು ದಾಟಿದ ನಮ್ಮ ಹುಡುಗಿಯಲ್ಲಿ ನಾಲ್ಕು ಬೊಟ್ಟು. ಡಾಕ್ಟರು ಪೆನ್ನಿನ ತುದಿಯಿಂದ ಎಣಿಸಿ ತೋರಿಸಿದರು. ಅವಳೂ ಎಣಿಸಿದಳು. ‘ಇನ್ನೆರಡು ಎಲ್ಲಿ?’ ಎಂದಳು. ‘ಬರ್ತವೆ, ಪುಟ್ಟಿ. ಅವಕ್ಕಿನ್ನೂ ಟೈಮಿದೆ’ ಎಂದರು.

ಆ ಮಾತು ಕೇಳಿ ನಾನು ಕರಗಿಹೋದೆ. ಮರ ಹತ್ತಿ ಬಿದ್ದು, ಸೊಟ್ಟಗೆ ಕೂಡಿ, ಡ್ರಿಲ್ಲಿನಲ್ಲಿ ಬಚ್ಚಿಟ್ಟುಕೊಂಡು ತಿರುಗಿದ ಆ ಕೈಯೊಳಗೆ, ಏನೂ ಆಗಿಲ್ಲವೆಂಬಂತೆ, ಬೆಳೆಯುವ ಕೆಲಸ ತನ್ನ ಪಾಡಿಗೆ ನಡೆದೇ ಇತ್ತು. ಆ ಸರದಿಯನ್ನು ಯಾರು ಬರೆದರು? ಎಡಗೈಗೂ ಬಲಗೈಗೂ ನಡುವೆ ಯಾವ ಮಾತುಕತೆಯೂ ಇಲ್ಲ. ಎರಡೂ ಬೇರೆ ಬೇರೆಯಾಗಿ ಹದಿನೈದು ಹದಿನಾರು ವರ್ಷ ಬೆಳೆದು, ಕೊನೆಗೆ ನಮಸ್ಕಾರಕ್ಕೆ ಜೋಡಿಸಿದರೆ ಬೆರಳಿಗೆ ಬೆರಳು ಸಮನಾಗಿ ನಿಲ್ಲುತ್ತವೆ. ದಿನಾ ಬೆಳಗ್ಗೆ ದೇವರ ಮುಂದೆ ಕೈಮುಗಿಯುವಾಗ ಈಗೀಗ ನನ್ನ ಕಣ್ಣು ಮೊದಲು ಹೋಗುವುದು ಆ ಜೋಡಿಸಿದ ಬೆರಳ ತುದಿಗಳಿಗೆ.

ಹಾಗಿದ್ದರೆ ಈ ಓರೆಯನ್ನೂ ಬೆಳವಣಿಗೆಯೇ ಸರಿಮಾಡಿಕೊಳ್ಳಬಾರದೇ? ಇದನ್ನೂ ಕೇಳಿದೆ. ಮಕ್ಕಳ ಮೂಳೆ ಓರೆಯಾಗಿ ಕೂಡಿದರೂ ಎಷ್ಟೋ ಸಲ ತಾನೇ ನೆಟ್ಟಗಾಗುತ್ತದೆ. ಭಾರ ಬಿದ್ದ ಕಡೆ ಮೂಳೆ ಕಟ್ಟಿಕೊಳ್ಳುತ್ತದೆ, ಬೇಡದ ಕಡೆ ಕರಗುತ್ತದೆ. ಯೂಲಿಯಸ್ ವೋಲ್ಫ್ 1892ರಲ್ಲಿ ಪುಸ್ತಕವಾಗಿ ಬರೆದದ್ದು ಈ ನಿಯಮವನ್ನೇ. ಆದರೆ ಅದಕ್ಕೂ ಎರಡು ಕಟ್ಟುಪಾಡುಗಳುಂಟು. ತೋಳಿನ ಮೂಳೆ ಉದ್ದವಾಗುವುದರಲ್ಲಿ ನೂರಕ್ಕೆ ಎಂಬತ್ತು ಪಾಲು ಭುಜದ ಕಡೆಯದು, ಮೊಳಕೈ ಕಡೆಯದು ಇಪ್ಪತ್ತೇ ಪಾಲು. ಭುಜದ ಬಳಿಯ ದೊಡ್ಡ ಓರೆಯೂ ವರ್ಷಗಳಲ್ಲಿ ಮಾಯವಾಗುತ್ತದೆ, ಮೊಳಕೈಯ ಬಳಿ ಅಷ್ಟು ಬೆಳವಣಿಗೆಯೇ ಇಲ್ಲ. ಎರಡನೆಯದು, ಕೀಲು ತಾನು ಆಡುವ ದಿಕ್ಕಿನ ಓರೆಯನ್ನು ಮಾತ್ರ ತಿದ್ದಿಕೊಳ್ಳುತ್ತದೆ. ಮೊಳಕೈ ಆಡುವುದು ಬಾಗಿಲಿನ ಹಾಗೆ, ಹಿಂದಕ್ಕೆ ಮುಂದಕ್ಕೆ. ಆ ದಿಕ್ಕಿನ ತಪ್ಪನ್ನು ಸವೆಸಿ ಸರಿಮಾಡುತ್ತದೆ. ಪಕ್ಕಕ್ಕೆ ವಾಲಿದ್ದು, ತಿರುಚಿದ್ದು ಹಾಗೇ ಉಳಿಯುತ್ತದೆ. ದಿನಕ್ಕೆ ಸಾವಿರ ಸಲ ತೆರೆದು ಮುಚ್ಚಿದರೂ ವಾಲಿದ ಬಾಗಿಲು ನೆಟ್ಟಗಾಗದಲ್ಲ, ಹಾಗೆ. ಅದಕ್ಕೆ ಬಡಗಿಯೇ ಬರಬೇಕು.

ಮೂಳೆ ನೆಟ್ಟಗೆ ಮಾಡುವ ಈ ವಿದ್ಯೆಗೆ ಯುರೋಪಿನಲ್ಲಿ ಹೆಸರು ಸಿಕ್ಕಿದ್ದೇ ಮಕ್ಕಳಿಂದ. ಪ್ಯಾರಿಸ್ಸಿನ ನಿಕೊಲಾ ಆಂದ್ರಿ, ಎಂಬತ್ತು ದಾಟಿದ ಮುದುಕ, 1741ರಲ್ಲಿ ಬರೆದ ಪುಸ್ತಕಕ್ಕಾಗಿ ಎರಡು ಗ್ರೀಕ್ ಪದ ಜೋಡಿಸಿದ. ಒಂದರ ಅರ್ಥ ನೆಟ್ಟಗೆ, ಇನ್ನೊಂದರ ಅರ್ಥ ಮಗು. ಆರ್ಥೊಪೆಡಿಕ್ಸ್ ಎಂಬ ಬೋರ್ಡು ಓದುವಾಗಲೆಲ್ಲ ನಾವು ಆ ಮಗುವಿನ ಹೆಸರನ್ನು ಓದುತ್ತಿರುತ್ತೇವೆ. ಆ ಪುಸ್ತಕದಲ್ಲಿ ಒಂದು ಚಿತ್ರವಿದೆ. ಸೊಟ್ಟ ಕಾಂಡದ ಎಳೆ ಮರ, ಪಕ್ಕದಲ್ಲಿ ನೆಟ್ಟ ಗೂಟ, ಎರಡನ್ನೂ ಸುತ್ತಿದ ಹಗ್ಗ. ಜಗತ್ತಿನ ಅನೇಕ ಮೂಳೆವೈದ್ಯರ ಸಂಘಗಳಿಗೆ ಈಗಲೂ ಅದೇ ಲಾಂಛನ. ನಮ್ಮ ತೋಟದಲ್ಲಿ ಗಾಳಿಗೆ ವಾಲಿದ ಸಸಿಗೆ ಅಪ್ಪ ಬಾಳೆಪಟ್ಟೆಯಲ್ಲಿ ಗೂಟ ಕಟ್ಟುತ್ತಿದ್ದುದು ನೆನಪಾಯಿತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಾವೂ ಹೇಳುತ್ತೇವೆ. ಆದರೆ ಅಪ್ಪ ಎಂದೂ ಹಗ್ಗವನ್ನು ಬಿಗಿಯುತ್ತಿರಲಿಲ್ಲ, ನಡುವೆ ಎರಡು ಬೆರಳು ಆಡುವಷ್ಟು ಬಿಡುತ್ತಿದ್ದರು.

ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮೂಳೆ ಮುರಿತಕ್ಕೆಂದೇ ಒಂದು ಅಧ್ಯಾಯವಿದೆ. ಅತ್ತಿ, ಅರಳಿ, ಮುತ್ತುಗ, ಆಲದ ತೊಗಟೆ, ಬಿದಿರು, ಇವುಗಳನ್ನು ದಬ್ಬೆಯಾಗಿ ಕಟ್ಟಬೇಕೆನ್ನುತ್ತದೆ. ಸಡಿಲ ಕಟ್ಟಿದರೆ ಕೂಡಿಕೆ ನಿಲ್ಲದು, ಬಿಗಿದು ಕಟ್ಟಿದರೆ ಊತ, ನೋವು, ಕೀವು ಎನ್ನುತ್ತದೆ. ಅಪ್ಪನ ಎರಡು ಬೆರಳೇ ಅಲ್ಲವೇ ಅದು? ಎಳೆ ವಯಸ್ಸಿನವರ ಮೂಳೆ ಒಂದು ತಿಂಗಳಿಗೆ ಕೂಡುತ್ತದೆ, ನಡುವಯಸ್ಸಿಗೆ ಎರಡರಷ್ಟು ಕಾಲ, ಮುಪ್ಪಿಗೆ ಮೂರರಷ್ಟು ಎಂಬ ಲೆಕ್ಕವೂ ಅಲ್ಲಿದೆ. ಇನ್ನೂ ಒಂದು ಮಾತಿದೆ, ಅದನ್ನು ಓದಿ ನಾನು ಪುಸ್ತಕ ಮಡಿಚಿಟ್ಟು ಎದ್ದುಹೋದೆ. ಉದ್ದನೆಯ ಮೂಳೆ ಏರುಪೇರಾಗಿ ಕೂಡಿಕೊಂಡಿದ್ದರೆ ಅದನ್ನು ಮತ್ತೆ ಮುರಿದು, ಜಾಗಕ್ಕೆ ತಂದು, ಹೊಸ ಮುರಿತವೆಂದೇ ಭಾವಿಸಿ ಉಪಚರಿಸಬೇಕು. ಹಾಗೆಂದು ಬರೆದವರ ಕೈಯಲ್ಲಿ ಎಕ್ಸರೇ ಇರಲಿಲ್ಲ, ಇಂದಿನ ಅರಿವಳಿಕೆ ಇರಲಿಲ್ಲ. ಮುರಿದರೆ ಕೂಡೀತು ಎಂಬ ಭರವಸೆ ಮಾತ್ರ ಇತ್ತು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜಾನ್ ರೀ ಬಾರ್ಟನ್ 1826ರಲ್ಲಿ ಒಬ್ಬ ನಾವಿಕನ ಸೆಟೆದುಹೋದ ಸೊಂಟದ ಬಳಿ ತೊಡೆಮೂಳೆ ಕೊಯ್ದಾಗಲೂ ಈಥರ್ ಬಂದಿರಲಿಲ್ಲ. ಏಳು ನಿಮಿಷದಲ್ಲಿ ಮುಗಿಸಿದರಂತೆ. ಆ ಏಳು ನಿಮಿಷವನ್ನು ನೆನೆದರೆ ಮೈ ನಡುಗುತ್ತದೆ.

ನಮ್ಮ ಮುಂದಿದ್ದ ಪ್ರಶ್ನೆ ಮಾತ್ರ ಸುಲಭದ್ದಾಗಿರಲಿಲ್ಲ. ಕೈಗೆ ನೋವಿಲ್ಲ, ಬಲ ಕಡಿಮೆಯಿಲ್ಲ, ಮಡಿಸಲು ಚಾಚಲು ತೊಡಕಿಲ್ಲ. ಕೆಲಸ ಮಾಡುತ್ತಿರುವ ಮೂಳೆಯನ್ನು ನೋಟಕ್ಕಾಗಿ ಕೊಯ್ಯಬೇಕೇ? ಡಾಕ್ಟರು ಅವಸರಪಡಿಸಲಿಲ್ಲ. ಹೀಗೇ ಬಿಟ್ಟರೆ ಬಹಳ ವರ್ಷಗಳ ಮೇಲೆ ಕೆಲವರಿಗೆ ಕೀಲು ಸಡಿಲವಾಗಿ ಜಾರುವುದುಂಟು, ಕಿರುಬೆರಳಿನ ನರಕ್ಕೆ ಒತ್ತಡ ಬೀಳುವುದುಂಟು, ಇನ್ನೊಮ್ಮೆ ಬಿದ್ದರೆ ಮೊಳಕೈಯ ಹೊರಬದಿ ಮುರಿಯುವ ಸಾಧ್ಯತೆ ಹೆಚ್ಚು ಎಂದರು. ಮಾಡಿಸಿದರೆ ನರಕ್ಕೆ ಏಟಾಗುವ, ಸೋಂಕು ತಗಲುವ, ಓರೆ ಮತ್ತೆ ಮರುಕಳಿಸುವ ಸಾಧ್ಯತೆಗಳನ್ನೂ ಮುಚ್ಚಿಡಲಿಲ್ಲ.

ಆ ವಾರ ನನ್ನ ತಲೆಯಲ್ಲಿ ಸುಳಿದವರು ಇಬ್ಬರು. ಮಧುರೆಯ ಬೀದಿಯಲ್ಲಿ ಗಂಧ ಹಿಡಿದು ನಡೆಯುತ್ತಿದ್ದ ಮೂರು ಡೊಂಕಿನ ಕುಬ್ಜೆ ಒಬ್ಬಳು. ಕೃಷ್ಣ ಅವಳ ಪಾದಗಳನ್ನು ತನ್ನ ಪಾದದಿಂದ ಒತ್ತಿ ಹಿಡಿದು, ಗಲ್ಲಕ್ಕೆ ಎರಡು ಬೆರಳು ಕೊಟ್ಟು ಮೇಲೆತ್ತಿದ ಎನ್ನುತ್ತದೆ ಭಾಗವತ. ಕೆಳಗೆ ಹಿಡಿದು ಮೇಲಕ್ಕೆ ಎಳೆಯುವುದು! ಮೂಳೆ ಕೂರಿಸುವವರು ಇಂದಿಗೂ ಮೊದಲು ಮಾಡುವ ಕೆಲಸ ಅದೇ. ಇನ್ನೊಬ್ಬ ಅಷ್ಟಾವಕ್ರ. ಎಂಟು ಕಡೆ ಡೊಂಕಾದ ಮೈಯಲ್ಲೇ ಜನಕನ ಸಭೆಗೆ ಹೋಗಿ ವಾದದಲ್ಲಿ ಗೆದ್ದವನು. ಜ್ಞಾನಕ್ಕೆ ನೆಟ್ಟಗಿನ ಮೈ ಬೇಕಿಲ್ಲ ಎಂಬುದಕ್ಕೆ ಅವನ ಕಥೆಯನ್ನು ಹೇಳುತ್ತೇವೆ, ಅಲ್ಲಿಗೇ ನಿಲ್ಲಿಸುತ್ತೇವೆ. ಮಹಾಭಾರತದಲ್ಲಿ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಮಗ ತನ್ನನ್ನು ಬಿಡಿಸಿ ತಂದ ಮೇಲೆ ತಂದೆ ಅವನನ್ನು ಸಮಂಗಾ ನದಿಯಲ್ಲಿ ಮುಳುಗೇಳಲು ಹೇಳುತ್ತಾನೆ. ಮುಳುಗಿ ಎದ್ದವನ ಅಂಗಾಂಗ ನೆಟ್ಟಗಾಗುತ್ತವೆ. ಗೆದ್ದ ಮಗನಿಗೂ ಆ ತಂದೆ ಅದೊಂದನ್ನು ಬಯಸಿದ. ಅವನೇನು ಅಲ್ಪನಲ್ಲ. ನನಗೆ ಅಲ್ಲಿಂದ ಧೈರ್ಯ ಬಂತು. ತನ್ನ ಕೈಯನ್ನು ಬಚ್ಚಿಡದೆ ಚಾಚಿ ನಿಲ್ಲಬೇಕೆಂದು ಒಂದು ಮಗು ಆಸೆಪಟ್ಟರೆ ಅದನ್ನು ಬರೀ ನೋಟದ ಮಾತು ಎಂದು ತಳ್ಳಲು ನನಗಂತೂ ಮನಸ್ಸಾಗದು. ತಂಗಿ ಮಗಳನ್ನೇ ಕೇಳಿದಳು. ಅವಳು ತಲೆಯಾಡಿಸಿದಳು.

ಆಪರೇಷನ್ನಿಗೆ ಮೊದಲು ಡಾಕ್ಟರು ಬಲಗೈಯ ಎಕ್ಸರೇಯನ್ನು ತಿರುವಿ ಎಡಗೈಯ ಎಕ್ಸರೇ ಮೇಲಿಟ್ಟರು. ಕನ್ನಡಿಯಲ್ಲಿ ಕಂಡ ಹಾಗೆ. ಬಲಗೈಯ ಓರೆ ಹೊರಕ್ಕೆ 10 ಡಿಗ್ರಿ. ಎಡಗೈ ಒಳಕ್ಕೆ ವಾಲಿದ್ದು 15. ತಿದ್ದಬೇಕಾದದ್ದು ಒಟ್ಟು 25. ಬೆಣ್ಣೆಕಾಗದದ ಮೇಲೆ ಮೂಳೆಯ ಆಕಾರ ಗುರುತಿಸಿ, ಹೊರಮಗ್ಗುಲಲ್ಲಿ 25 ಡಿಗ್ರಿಯ ಬೆಣೆಯೊಂದನ್ನು ಬರೆದು, ಕತ್ತರಿಯಲ್ಲಿ ಕತ್ತರಿಸಿ, ಎರಡು ಅಂಚನ್ನೂ ಕೂಡಿಸಿದರು. ಕಾಗದದ ಕೈ ನೆಟ್ಟಗಾಯಿತು. ರವಿಕೆ ಹೊಲಿಯುವವರು ಟಕ್ಸು ಹಿಡಿಯುವ ಹಾಗೆ. ಕಂಪ್ಯೂಟರಿನಲ್ಲಿ ಸರಿಯಿದ್ದ ಕೈಯ ಪ್ರತಿಬಿಂಬ ಮಾಡಿ, ಕೊಯ್ಯಲು ಅಚ್ಚನ್ನೇ ಮುದ್ರಿಸಿಕೊಳ್ಳುವ ಕಾಲ ಇದು. ಆದರೂ ಕಾಗದದ ಆ ಕೈಯನ್ನು ನಾನು ಮರೆಯಲಾರೆ. ಎಷ್ಟು ನೆಟ್ಟಗಾದರೆ ಸರಿ ಎಂದು ಯಾವ ಪುಸ್ತಕವೂ ಅವರಿಗೆ ಹೇಳಬೇಕಾಗಿರಲಿಲ್ಲ. ಅವಳ ಇನ್ನೊಂದು ಕೈಯೇ ಹೇಳುತ್ತಿತ್ತು. ಡಾಕ್ಟರು ಹುಡುಕುತ್ತಿದ್ದದ್ದು ನೇರವನ್ನಲ್ಲ. ಅವಳದೇ ಆದ, ಹತ್ತು ಡಿಗ್ರಿಯ ಆ ಓರೆಯನ್ನು.

ಒಳಗೆ ನಡೆದದ್ದನ್ನು ಆಮೇಲೆ ಬಿಡಿಸಿ ಹೇಳಿದರು. ಮೊಳಕೈಯ ಹೊರಮಗ್ಗುಲಲ್ಲಿ ಚರ್ಮ ಬಿಡಿಸಿ, ಅಳತೆಗೆ ಸರಿಯಾಗಿ ಬೆಣೆಯಾಕಾರದ ತುಂಡು ತೆಗೆಯುತ್ತಾರೆ. ಆದರೆ ಮೂಳೆಯನ್ನು ಪೂರ್ತಿ ಕತ್ತರಿಸುವುದಿಲ್ಲ. ಒಳಮಗ್ಗುಲಿನ ತೆಳು ಪದರವೊಂದನ್ನು ಹಾಗೇ ಉಳಿಸುತ್ತಾರೆ. ಹಸಿ ಬಿದಿರ ಸೀಳನ್ನು ಮಡಿಸಿದರೆ ಒಂದು ಮೈ ಬಿರಿದರೂ ಇನ್ನೊಂದು ಮೈಯ ನಾರು ಹಿಡಿದುಕೊಂಡಿರುತ್ತದಲ್ಲ, ಹಾಗೆ. ಆ ನಾರೇ ಕೀಲಾಗಿ, ಬೆಣೆ ತೆಗೆದ ಜಾಗ ಮೆಲ್ಲಗೆ ಮುಚ್ಚಿಕೊಳ್ಳುತ್ತದೆ. ಫ್ರೆಂಚ್ ಎಂಬ ಹೆಸರಿನ ಶಸ್ತ್ರವೈದ್ಯರು 1959ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಕೊಯ್ತದ ಮೇಲೊಂದು ಕೆಳಗೊಂದು ಸ್ಕ್ರೂ ಕೂರಿಸಿ, ಎರಡಕ್ಕೂ ತಂತಿ ಸುತ್ತಿ ಬಿಗಿಯುತ್ತಿದ್ದರು. ನಮ್ಮ ಡಾಕ್ಟರು ತಂತಿಗಳನ್ನು ಅಡ್ಡಡ್ಡ ಹಾಯಿಸಿ ನಿಲ್ಲಿಸಿದ್ದರು. ಹೊರಗೆ ಕಾಯುತ್ತಿದ್ದ ನನಗೆ ಇದಾವುದೂ ಗೊತ್ತಿರಲಿಲ್ಲ. ಅಮ್ಮ ಬೆಳಗ್ಗೆ ಕಟ್ಟಿದ ಮಲ್ಲಿಗೆಯ ತುಂಡೊಂದನ್ನು ಸೆರಗಿನ ತುದಿಗೆ ಗಂಟುಹಾಕಿಕೊಂಡು ಬಂದಿದ್ದಳು. ಎರಡು ಗಂಟೆ ನಾವಿಬ್ಬರೂ ಮಾತಾಡಲಿಲ್ಲ. ಹೂವಿನ ವಾಸನೆ ಬರುತ್ತಿತ್ತು.

ಎಚ್ಚರವಾದ ಮೇಲೆ ಅವಳು ಮೊದಲು ಕೇಳಿದ್ದು ನೀರು. ಎರಡನೆಯದು, ‘ನನ್ನ ಮೂಳೆ ತುಂಡೆಲ್ಲಿ?’

ಅವಳದು ಹಾಲುಹಲ್ಲು ಉದುರುವ ವಯಸ್ಸು. ಬಿದ್ದ ಹಲ್ಲನ್ನು ಸಗಣಿಯಲ್ಲಿ ಸುತ್ತಿ ಹೆಂಚಿನ ಮೇಲೆ ಎಸೆಯುವುದು ನಮ್ಮಲ್ಲಿ ವಾಡಿಕೆ, ಆಗ ಹೊಸ ಹಲ್ಲು ಚೆನ್ನಾಗಿ ಬರುತ್ತದಂತೆ. ಮೂಳೆಯ ತುಂಡನ್ನೂ ಎಸೆಯಬೇಕೆಂದು ಅವಳು ಮನಸ್ಸಿನಲ್ಲೇ ತೀರ್ಮಾನಿಸಿಕೊಂಡಿದ್ದಳು. ಡಾಕ್ಟರು ಮಂಚದ ಅಂಚಿಗೆ ಕೂತು, ಅವಳ ಪ್ರಶ್ನೆಗೆ ದೊಡ್ಡವರಿಗೆ ಕೊಡುವಷ್ಟೇ ಗೌರವ ಕೊಟ್ಟು ಉತ್ತರ ಹೇಳಿದರು. ಆ ತುಂಡನ್ನು ಎಸೆದಿಲ್ಲ. ಚಿಕ್ಕ ಚಿಕ್ಕದಾಗಿ ಪುಡಿಮಾಡಿ ಕೊಯ್ದ ಜಾಗದ ಸುತ್ತಲೂ ಇಟ್ಟಿದ್ದೇನೆ. ಅದನ್ನು ನೋಡಿ ನಿನ್ನ ಮೂಳೆ ಹೊಸ ಮೂಳೆ ಕಟ್ಟಿಕೊಳ್ಳುತ್ತೆ. ಅವಳು ಬಹಳ ಹೊತ್ತು ಯೋಚಿಸಿ, ‘ಹಾಗಾದ್ರೆ ಅದು ನನ್ನೊಳಗೇ ಇದೆ’ ಎಂದಳು.

ಮುಂದಿನ ದಿನಗಳು ಬೇಗ ಸರಿದವು. ಐದು ವಾರಕ್ಕೆ ತಂತಿ ತೆಗೆದರು. ಕೈ ಮರಗಟ್ಟಿದ ಹಾಗಿತ್ತು, ಮಡಿಸಲಾಗದೆ ಅತ್ತಳು. ಎಣ್ಣೆ ಹಚ್ಚಿ ತಿಕ್ಕಬೇಡಿ, ಹಿಡಿದು ಎಳೆಯಬೇಡಿ, ಆಡಲು ಬಿಡಿ ಎಂದಿದ್ದರು. ಆಟವೇ ಅದನ್ನು ಸಡಿಲಿಸಿತು. ಅಮ್ಮ ಹೂ ಕಟ್ಟುವಾಗ ನಾರು ಚಾಚಿ ಹಿಡಿಯುವ ಕೆಲಸ ಅವಳದಾಯಿತು. ದಿನಕ್ಕಿಷ್ಟು ಎಂದು ನಾರು ಉದ್ದವಾಗುತ್ತ ಹೋಯಿತು.

ಕಳೆದ ತಿಂಗಳು, ಆಪರೇಷನ್ನಾಗಿ ವರ್ಷ ಕಳೆದ ಮೇಲೆ, ಕೊನೆಯ ಎಕ್ಸರೇಗೆ ಹೋದೆವು. ಚರ್ಮದ ಮೇಲೆ ಬೆರಳುದ್ದದ ಗೆರೆ ಇದೆ, ಇದ್ದೇ ಇರುತ್ತದೆ. ಮೂಳೆಯ ಮೇಲೆ ಡಾಕ್ಟರು ಹುಡುಕಿದರು. ಚಿತ್ರವನ್ನು ಬೆಳಕಿಗೆ ಹಿಡಿದು, ಓರೆ ಮಾಡಿ, ಹತ್ತಿರ ತಂದು ನೋಡಿದರು. ತಾವೇ ಕೊಯ್ದ ಜಾಗ ಅವರಿಗೇ ಸಿಗಲಿಲ್ಲ. ಚರ್ಮ ಗಾಯದ ಗುರುತು ಇಟ್ಟುಕೊಳ್ಳುತ್ತದೆ. ಮೂಳೆ ಮಾತ್ರ ಗಾಯವಾದ ಜಾಗದಲ್ಲಿ ಮತ್ತೆ ಮೂಳೆಯನ್ನೇ ಕಟ್ಟಿ, ತಾನು ಮುರಿದದ್ದನ್ನೂ ತನ್ನನ್ನು ಮುರಿದದ್ದನ್ನೂ ಅಳಿಸಿಹಾಕಿತ್ತು.

ಅವಳು ಅದನ್ನೆಲ್ಲ ಕೇಳಿಸಿಕೊಳ್ಳುತ್ತಿರಲಿಲ್ಲ. ಪೆಟ್ಟಿಗೆಯ ಬೆಳಕಿಗೆ ಮುಖ ಒಡ್ಡಿ ಬೊಟ್ಟುಗಳನ್ನು ಎಣಿಸುತ್ತಿದ್ದಳು. ಒಂದು, ಎರಡು, ಮೂರು, ನಾಲ್ಕು. ಮುಂಗೈ ಮೂಳೆಯ ಹಿಂದೆ, ಮೊಳಕೈಯ ಮೊನೆಯಲ್ಲಿ, ಎಳ್ಳಿನಷ್ಟು ಹೊಸದೊಂದು.

‘ಐದು’ ಎಂದಳು.

ಅಜ್ಜಿ ಹೂ ಅಳೆಯುವಾಗ ಮಾಲೆಯ ತುದಿಯನ್ನು ಒತ್ತಿ ಹಿಡಿಯುವ ಜಾಗ ಅದು.